ಸಾಂಟಿಯಾಗೊ ಕಹಾಲ್: ನರದ ತುದಿಯನ್ನು ಕಂಡವರು

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಬಸವೇಶ್ವರನಗರದ ಒಂದು ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ವೀಕ್ಷಣಾ ಹಾಳೆ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ನರವ್ಯೂಹದ ಪಾಠ ಮಾಡುತ್ತಿದ್ದರು. ಪೀಠಿಕೆ ಚೆನ್ನಾಗಿತ್ತು. ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. ನರಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ ಎಂಬ ವಾಕ್ಯವನ್ನು ಹಲಗೆಯ ಮೂಲೆಯಲ್ಲಿ ಬರೆದು ಮುಂದಕ್ಕೆ ಹೋಗುವಷ್ಟರಲ್ಲಿ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಂದೆಗೆ ಮೋಟಾರ್ ನ್ಯೂರಾನ್ ಕಾಯಿಲೆಯಂತೆ. ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಈಗ ಲೋಟ ಹಿಡಿಯಲೂ ಆಗುವುದಿಲ್ಲವಂತೆ. ಯಾಕೆ ಬೆಳೆಯುವುದಿಲ್ಲ, ಬೆಳೆಸುವುದಕ್ಕೆ ಏನೂ ಇಲ್ಲವೇ ಎಂದು ಕೇಳಿದಳು.

ಪ್ರಶಿಕ್ಷಣಾರ್ಥಿ ಒಂದು ಕ್ಷಣ ನಿಂತರು. ಪಠ್ಯದಲ್ಲಿ ಇರುವುದು ಇಷ್ಟೇ ಎಂದು ಹೇಳಿ ಮುಂದಿನ ಅಂಶಕ್ಕೆ ಹೋದರು. ಅವರನ್ನು ದೂರುವ ಹಕ್ಕು ನನಗಿರಲಿಲ್ಲ. ಇಪ್ಪತ್ತು ವರ್ಷ ವಿಜ್ಞಾನ ಬೋಧನೆಯ ವಿಧಾನ ಹೇಳಿಕೊಟ್ಟ ನನ್ನ ಬಳಿಯೂ ಉತ್ತರವಿರಲಿಲ್ಲ. ಪ್ರಶ್ನೆಗಳಿಗೆ ಸ್ಪಂದನೆ ಎಂಬ ಕಲಮನ್ನು ಖಾಲಿ ಬಿಟ್ಟು ಹಾಳೆ ಮಡಚಿಟ್ಟೆ.

ಹಲಗೆಯ ಮೂಲೆಯ ಆ ವಾಕ್ಯದ ಹಿಂದೆ ಒಬ್ಬ ಮನುಷ್ಯರ ಬದುಕಿದೆ ಎಂಬುದು ಆಮೇಲೆ ಓದುತ್ತಾ ಹೋದಾಗ ತಿಳಿಯಿತು. ಹಲಗೆಯ ಮೇಲಿನ ಆ ಚಿತ್ರದ ಹಿಂದೆಯೂ ಅವರೇ ಇದ್ದಾರೆ. ಸಾಂಟಿಯಾಗೊ ರಾಮೋನ್ ಇ ಕಹಾಲ್. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಕಜಲ್ ಎಂದು ಓದುವವರು ನಮ್ಮಲ್ಲಿ ಹೆಚ್ಚು. ಸ್ಪೇನಿನವರ ಬಾಯಲ್ಲಿ ಅದು ಕಹಾಲ್. ಅವರ ಕಥೆಯನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಎರಡು ಕಾರಣಕ್ಕೆ ತಿಳಿಯಬೇಕು. ನರಕೋಶವನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರು ಎಂಬುದು ಒಂದು. ಶಾಲೆಯಲ್ಲಿ ಅವರಷ್ಟು ಪೆಟ್ಟು ತಿಂದ ವಿಜ್ಞಾನಿ ಇನ್ನೊಬ್ಬರಿರಲಾರರು ಎಂಬುದು ಇನ್ನೊಂದು.

ಅವರು ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಉತ್ತರದ ಬೆಟ್ಟಗಳ ನಡುವಿನ ಪೆಟಿಲ್ಯಾ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಹುಸ್ತೊ ರಾಮೋನ್ ಹಳ್ಳಿಯ ಶಸ್ತ್ರಚಿಕಿತ್ಸಕ. ಬಡತನದಿಂದ ಮೇಲೆ ಬಂದು, ಸಂಸಾರ ಕಟ್ಟಿಕೊಂಡ ಮೇಲೂ ಓದಿ ವೈದ್ಯಕೀಯ ಪದವಿ ಪಡೆದ ಹಠವಾದಿ. ಕೆಲಸ ಸಿಕ್ಕ ಕಡೆಗೆಲ್ಲ ಕುಟುಂಬ ಊರೂರು ಬದಲಾಯಿಸುತ್ತಿತ್ತು. ತಂದೆಯೇ ಮೊದಲ ಮೇಷ್ಟ್ರು. ವಾಲ್ಪಾಲ್ಮಾಸ್ ಎಂಬ ಊರಿನ ಹೊಲದಂಚಿನಲ್ಲಿ ಕುರುಬರು ಬಿಟ್ಟುಹೋದ ಒಂದು ಗವಿಯಿತ್ತು. ಗಲಾಟೆಯಿಲ್ಲದ ಜಾಗವೆಂದು ಮಗನನ್ನು ಅಲ್ಲಿಗೆ ಕರೆದೊಯ್ದು ಫ್ರೆಂಚ್ ಹೇಳಿಕೊಟ್ಟರು. 1860ರ ಜುಲೈನಲ್ಲಿ ಪೂರ್ಣ ಸೂರ್ಯಗ್ರಹಣ ಬಂದಾಗ ಅದು ಯಾಕೆ, ಹೇಗೆ ಆಗುತ್ತದೆ ಎಂದು ಮೊದಲೇ ವಿವರಿಸಿದ್ದರು. ಹೇಳಿದ ಗಳಿಗೆಗೆ ಸರಿಯಾಗಿ ಕತ್ತಲಾದದ್ದು ಎಂಟು ವರ್ಷದ ಹುಡುಗನ ಮನಸ್ಸಿನಲ್ಲಿ ನಿಂತುಹೋಯಿತು. ಅದೇ ಊರಿನಲ್ಲಿ ಚರ್ಚಿನ ಗೋಪುರಕ್ಕೆ ಸಿಡಿಲು ಬಡಿದು ಪಾದ್ರಿ ಸತ್ತದ್ದನ್ನೂ ಅವನು ಕಂಡ. ಲೆಕ್ಕಕ್ಕೆ ಸಿಗುವ ಪ್ರಕೃತಿ ಮತ್ತು ಲೆಕ್ಕಕ್ಕೆ ಸಿಗದ ಪ್ರಕೃತಿ ಎರಡೂ ಒಂದೇ ಹಳ್ಳಿಯಲ್ಲಿ ಕಾಣಿಸಿದವು.

ಹುಡುಗನಿಗೆ ಒಂದೇ ಹುಚ್ಚು, ಚಿತ್ರ ಬರೆಯುವುದು. ಗೋಡೆ, ಬಾಗಿಲು, ಪುಸ್ತಕದ ಅಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ತಂದೆಗೆ ಅದು ಹೊಟ್ಟೆಗೆ ಹಿಟ್ಟಿಲ್ಲದವರ ಕೆಲಸವಾಗಿ ಕಂಡಿತು. ಆದರೂ ಒಮ್ಮೆ ತಜ್ಞರ ಅಭಿಪ್ರಾಯ ಕೇಳೋಣವೆಂದು, ಊರ ಚರ್ಚಿಗೆ ಬಣ್ಣ ಬಳಿಯಲು ಬಂದಿದ್ದ ಒಬ್ಬ ಕೆಲಸಗಾರನಿಗೆ ಮಗನ ಚಿತ್ರ ತೋರಿಸಿದರು. ಸಂತ ಸಾಂಟಿಯಾಗೊನ ಚಿತ್ರ ಅದು. ಆತ ನೋಡಿ, ಇದರಲ್ಲಿ ಸತ್ವವಿಲ್ಲ, ಹುಡುಗ ಎಂದೂ ಕಲಾವಿದನಾಗಲಾರ ಎಂದು ತೀರ್ಪು ಕೊಟ್ಟ. ಗೋಡೆಗೆ ಸುಣ್ಣ ಬಳಿಯುವವನೊಬ್ಬನ ಮೌಲ್ಯಮಾಪನದಿಂದ ಮನೆಯಲ್ಲಿ ಕಾಗದ, ಬಣ್ಣ, ಕುಂಚಗಳಿಗೆ ಬಹಿಷ್ಕಾರ ಬಿತ್ತು. ಅರ್ಹತೆಯಿಲ್ಲದವರು ಹಾಕಿದ ಅಂಕ ಎಷ್ಟು ದೂರ ಹೋಗಬಲ್ಲದು ಎಂದು ನಮ್ಮ ಮೌಲ್ಯಮಾಪನದ ತರಗತಿಯಲ್ಲಿ ಹೇಳಲು ನಾನು ಈಗ ಇದನ್ನೇ ಬಳಸುತ್ತೇನೆ.

ಮುಂದೆ ಹಾಕಾ ಎಂಬ ಪಟ್ಟಣದಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಿದರು. ಅಲ್ಲಿ ಲ್ಯಾಟಿನ್ ವ್ಯಾಕರಣವನ್ನು ಉರು ಹೊಡೆಯಬೇಕು, ಒಂದು ಪದ ತಪ್ಪಿದರೂ ಬೆತ್ತ. ಮಾತುಮಾತನ್ನು ಹಾಗೆಹಾಗೆಯೇ ಒಪ್ಪಿಸುವ ನೆನಪು ಸಾಂಟಿಯಾಗೊಗೆ ಇರಲಿಲ್ಲ. ಕಂಡ ರೂಪಗಳನ್ನು ಇಟ್ಟುಕೊಳ್ಳುವ ನೆನಪಿತ್ತು. ಆ ಶಾಲೆಯಲ್ಲಿ ಎರಡನೆಯದಕ್ಕೆ ಬೆಲೆಯಿರಲಿಲ್ಲ. ಪೆಟ್ಟು ಸಾಲದೆಂದು ಊಟವಿಲ್ಲದೆ ತರಗತಿಯಲ್ಲೇ ಕೂಡಿಹಾಕುತ್ತಿದ್ದರು. ರಜೆಗೆ ಮನೆಗೆ ಬಂದಾಗ ಹುಡುಗ ಕಡ್ಡಿಯಾಗಿದ್ದ. ಆಯೆರ್ಬೆ ಊರಿನಲ್ಲಿ ಗೆಳೆಯರೊಂದಿಗೆ ಮರದ ದಿಮ್ಮಿ ಕೊರೆದು ಫಿರಂಗಿ ಮಾಡಿ ನೆರೆಯವರ ತೋಟದ ಬಾಗಿಲನ್ನೇ ಹಾರಿಸಿದ. ಅದಕ್ಕಾಗಿ ಕೆಲವು ದಿನ ಊರ ಜೈಲಿನಲ್ಲೂ ಇದ್ದ. ಓದು ಹತ್ತದ ಮಗನನ್ನು ತಂದೆ ಮೊದಲು ಕ್ಷೌರಿಕನ ಬಳಿ, ಆಮೇಲೆ ಚಮ್ಮಾರನ ಬಳಿ ಕೆಲಸಕ್ಕಿಟ್ಟರು. ಶಿಕ್ಷೆಯೆಂದು ಇಟ್ಟದ್ದು ಅದು. ಅವನೋ ಬೂಟು ಹೊಲಿಯುವುದರಲ್ಲಿ ಒಳ್ಳೆಯ ಕೈ ಎನಿಸಿಕೊಂಡ.

ತಿರುವು ಬಂದದ್ದು 1868ರ ಬೇಸಿಗೆಯಲ್ಲಿ. ಹದಿನಾರರ ಮಗನನ್ನು ತಂದೆ ರಾತ್ರಿ ಹೊತ್ತು ಹಳೆಯ ಸ್ಮಶಾನಕ್ಕೆ ಕರೆದೊಯ್ದರು. ಹೂಳಲು ಜಾಗ ಸಾಲದೆ ಹೊರಗೆ ಹಾಕಿದ್ದ ಎಲುಬುಗಳನ್ನು ಆಯ್ದು ತಂದು ಕಣಜದಲ್ಲಿ ಹರಡಿ, ಒಂದೊಂದನ್ನೂ ಕೈಯಲ್ಲಿ ಕೊಟ್ಟು ಅಸ್ಥಿಶಾಸ್ತ್ರ ಕಲಿಸತೊಡಗಿದರು. ಹುಡುಗ ಎಲುಬಿನ ಪ್ರತಿ ಉಬ್ಬು, ತಗ್ಗು, ರಂಧ್ರವನ್ನು ಚಿತ್ರ ಬರೆದು ಕಲಿತ. ಇಲ್ಲಿ ಚಿತ್ರ ಬರೆಯುವುದು ತಪ್ಪಾಗಿರಲಿಲ್ಲ, ಪಾಠವೇ ಅದಾಗಿತ್ತು. ಯಾವ ಕೈಗೆ ಶಾಲೆ ಬೆತ್ತದೇಟು ಕೊಟ್ಟಿತೋ ಅದೇ ಕೈ ಕೆಲವೇ ತಿಂಗಳಲ್ಲಿ ತಂದೆ ಹೆಮ್ಮೆಪಡುವಷ್ಟು ಅಂಗರಚನೆ ಬಲ್ಲದ್ದಾಯಿತು. ತಂದೆ ಸಾರಗೋಸದಲ್ಲಿ ಅಂಗಚ್ಛೇದನ ಕಲಿಸುವ ಹುದ್ದೆಗೆ ಬಂದರು, ಮಗ ಅಲ್ಲಿಯೇ ವೈದ್ಯಕೀಯ ಓದಿ 1873ರಲ್ಲಿ ಪದವಿ ಪಡೆದರು.

ಮುಂದಿನ ಕೆಲವು ವರ್ಷ ಕಷ್ಟದವು. ಸೈನ್ಯದ ವೈದ್ಯರಾಗಿ 1874ರಲ್ಲಿ ಕ್ಯೂಬಾಕ್ಕೆ ಹೋದರು. ಅಲ್ಲಿ ಮಲೇರಿಯ, ಆಮಶಂಕೆ ಹಿಡಿದು ಅರೆಜೀವವಾಗಿ ಮರುವರ್ಷ ಮರಳಿದರು. ಕೈಗೆ ಬಂದ ಸಂಬಳದ ಉಳಿಕೆಯಲ್ಲಿ ಒಂದು ಸೂಕ್ಷ್ಮದರ್ಶಕ ಕೊಂಡರು. 1878ರಲ್ಲಿ ಕ್ಷಯ ಕಾಣಿಸಿಕೊಂಡು ರಕ್ತ ಕಾರಿದರು. ಬೆಟ್ಟದ ಆರೋಗ್ಯಧಾಮದಲ್ಲಿ ಚೇತರಿಸಿಕೊಂಡು 1879ರಲ್ಲಿ ಸಿಲ್ವೇರಿಯಾ ಎಂಬವರನ್ನು ಮದುವೆಯಾದರು. ಹೊರಟ ಸಂಬಳ ಕಡಿಮೆ, ಮಕ್ಕಳು ಹೆಚ್ಚು; ಮನೆಯ ಖರ್ಚಿನಲ್ಲಿ ಪ್ರಯೋಗಾಲಯದ ಪಾಲನ್ನು ಬಿಡಿಸಿಟ್ಟವರು ಆಕೆ. ವಲೆನ್ಸಿಯಾದಲ್ಲಿ ಪ್ರಾಧ್ಯಾಪಕರಾಗಿದ್ದಾಗ 1885ರ ಕಾಲರಾ ಹಾವಳಿಯ ಬಗ್ಗೆ ಅಧ್ಯಯನ ನಡೆಸಿದ್ದಕ್ಕೆ ಸಾರಗೋಸದ ಪ್ರಾಂತ್ಯಾಡಳಿತ ಅವರಿಗೆ ಒಂದು ಉತ್ತಮ ಝೈಸ್ ಸೂಕ್ಷ್ಮದರ್ಶಕವನ್ನು ಕೊಡುಗೆಯಾಗಿ ಕೊಟ್ಟಿತು. ಜರ್ಮನಿಯವರ ಸಮಕ್ಕೆ ನೋಡಬಲ್ಲ ಕಣ್ಣು ಅವರಿಗೆ ಆಗ ಬಂತು.

ಈಗ ವಿಷಯದ ಹೃದಯಕ್ಕೆ ಬರೋಣ. ಆ ಕಾಲದಲ್ಲಿ ಮಿದುಳಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುತ್ತಿದ್ದದ್ದು ಬಿಡಿಸಲಾಗದ ನಾರುಗಂಟು. ಎಲ್ಲ ನರಗಳೂ ಒಂದಕ್ಕೊಂದು ಬೆಸೆದುಕೊಂಡ ಒಂದೇ ಬಲೆ ಇದು ಎಂದು ಹೆಚ್ಚಿನವರು ನಂಬಿದ್ದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲೇ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಿಲ್ವರ್ ನೈಟ್ರೇಟ್ ಬಳಸಿ ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದಿದ್ದರು. ಅದರ ವಿಚಿತ್ರವೆಂದರೆ ನೂರಾರು ಕೋಶಗಳಲ್ಲಿ ಕೆಲವೇ ಕೋಶಗಳು ಬಣ್ಣ ಹಿಡಿಯುತ್ತವೆ, ಆದರೆ ಹಿಡಿದವು ತುದಿಯಿಂದ ತುದಿಗೆ ಕಪ್ಪಾಗಿ ಕಾಣುತ್ತವೆ. ಎಲ್ಲಕ್ಕೂ ಹಿಡಿದಿದ್ದರೆ ಪೂರ್ತಿ ಕಪ್ಪು, ಏನೂ ಕಾಣುತ್ತಿರಲಿಲ್ಲ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರೊ ಎಂಬ ವೈದ್ಯರ ಮನೆಯಲ್ಲಿ ಕಹಾಲ್ ಅಂಥದೊಂದು ಗಾಜಿನ ಸ್ಲೈಡ್ ನೋಡಿದರು. ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಗಿ ಹೋಗಿ ಕೆಲಸಕ್ಕೆ ಕುಳಿತರು.

ವಿಧಾನ ಬಹಳ ಸತಾಯಿಸುವಂಥದು, ಒಮ್ಮೆ ಬಂದರೆ ಹತ್ತು ಸಲ ಬರುವುದಿಲ್ಲ. ಕಹಾಲ್ ಬಣ್ಣ ಹಿಡಿಸುವ ಕ್ರಿಯೆಯನ್ನು ಎರಡೆರಡು ಬಾರಿ ಮಾಡಿ ನೋಡಿದರು. ಅದಕ್ಕಿಂತ ಜಾಣತನದ ಕೆಲಸವೆಂದರೆ ಬೆಳೆದ ಪ್ರಾಣಿಯ ಮಿದುಳನ್ನು ಬಿಟ್ಟು ಹಕ್ಕಿಮರಿಗಳ, ಮೊಟ್ಟೆಯೊಳಗಿನ ಭ್ರೂಣಗಳ ನರಗಳನ್ನು ಆರಿಸಿಕೊಂಡದ್ದು. ದೊಡ್ಡ ಕಾಡಿನಲ್ಲಿ ಕೊಂಬೆಗೆ ಕೊಂಬೆ ಹೆಣೆದಿರುತ್ತದೆ, ಯಾವ ಕೊಂಬೆ ಯಾವ ಮರದ್ದೆಂದು ತಿಳಿಯುವುದಿಲ್ಲ. ಸಸಿಮಡಿಯಲ್ಲಿ ಹಾಗಲ್ಲ ಎಂಬುದು ಅವರ ತರ್ಕ. ಜೊತೆಗೆ, ಎಳೆಯ ನರಗಳ ಸುತ್ತ ಕೊಬ್ಬಿನ ಕವಚ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಬೆಳ್ಳಿಯ ಬಣ್ಣ ಚೆನ್ನಾಗಿ ಹತ್ತುತ್ತದೆ. 1888ರಲ್ಲಿ ಅವರಿಗೆ ಸ್ಪಷ್ಟವಾಗಿ ಕಂಡಿತು: ಬಲೆ ಇಲ್ಲ. ಪ್ರತಿ ನರಕೋಶವೂ ಬಿಡಿ. ಒಂದರ ತುದಿ ಇನ್ನೊಂದರ ಹತ್ತಿರ ಬಂದು ನಿಲ್ಲುತ್ತದೆ, ಬೆಸೆಯುವುದಿಲ್ಲ.

ಇದನ್ನು ಅಚ್ಚು ಮಾಡುವವರು ಯಾರು? ಸ್ಪೇನಿನ ಭಾಷೆಯಲ್ಲಿ ಬರೆದದ್ದನ್ನು ಯುರೋಪು ಓದುತ್ತಿರಲಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವ ನಮಗೆ ಈ ಸಂಕಟ ಹೊಸದಲ್ಲ. ಅವರು ಸ್ವಂತ ಹಣದಲ್ಲಿ ತಮ್ಮದೇ ಒಂದು ತ್ರೈಮಾಸಿಕ ಹೊರಡಿಸಿದರು. ಮೊದಲ ಸಂಚಿಕೆ 1888ರ ಮೇ ತಿಂಗಳಲ್ಲಿ, ಕೇವಲ 60 ಪ್ರತಿ. ಬಹುತೇಕ ಎಲ್ಲವನ್ನೂ ಹೊರದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. 1889ರ ಅಕ್ಟೋಬರಿನಲ್ಲಿ ಉಳಿತಾಯವನ್ನೆಲ್ಲ ಕೂಡಿಹಾಕಿ, ಸೂಕ್ಷ್ಮದರ್ಶಕ ಹೊತ್ತುಕೊಂಡು ಬರ್ಲಿನ್ನಿನ ಅಂಗರಚನಾ ವಿಜ್ಞಾನಿಗಳ ಸಮ್ಮೇಳನಕ್ಕೆ ಹೋದರು. ಮೂಲೆಯ ಮೇಜಿನ ಮೇಲೆ ಸ್ಲೈಡುಗಳನ್ನು ಜೋಡಿಸಿ, ಒಡ್ಡೊಡ್ಡಾದ ಫ್ರೆಂಚಿನಲ್ಲಿ ಹಾದುಹೋಗುವವರನ್ನು ಕರೆದು ತೋರಿಸತೊಡಗಿದರು. ಆಗಿನ ಹಿರಿಯ ಅಂಗಾಂಶ ವಿಜ್ಞಾನಿ ಆಲ್ಬರ್ಟ್ ಕ್ಯೋಲಿಕರ್ ಕಣ್ಣಿಟ್ಟು ನೋಡಿದರು, ಮತ್ತೆ ನೋಡಿದರು, ಒಪ್ಪಿದರು. ಬಲೆಯ ಸಿದ್ಧಾಂತ ನಂಬಿದ್ದ ಆ ಎಪ್ಪತ್ತೆರಡರ ಹಿರಿಯರು ತಮ್ಮ ನಿಲುವು ಬದಲಿಸಿದ್ದಲ್ಲದೆ, ಕಹಾಲರ ಬರಹ ಓದಲೆಂದೇ ಸ್ಪ್ಯಾನಿಷ್ ಕಲಿತರು. 1891ರಲ್ಲಿ ವಾಲ್ಡೆಯರ್ ಈ ಬಿಡಿಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟರು.

1890ರಲ್ಲಿ ಕೋಳಿಭ್ರೂಣದ ಮಿದುಳುಬಳ್ಳಿಯಲ್ಲಿ ಅವರು ಇನ್ನೊಂದನ್ನು ಕಂಡರು. ಬೆಳೆಯುತ್ತಿರುವ ಆಕ್ಸಾನಿನ ತುದಿಯಲ್ಲಿ ಪುಟ್ಟ ಶಂಕುವಿನಂಥ ಉಬ್ಬು, ಅದರಿಂದ ಹೊರಟ ಎಳೆಗಳು. ಅವರು ನೋಡುತ್ತಿದ್ದದ್ದು ಸತ್ತ, ಬಣ್ಣ ಹಿಡಿಸಿದ ಅಂಗಾಂಶ. ಆದರೆ ಬೇರೆಬೇರೆ ವಯಸ್ಸಿನ ಭ್ರೂಣಗಳನ್ನು ಸಾಲಾಗಿಟ್ಟು ನೋಡಿ, ಇದು ದಾರಿ ತಡಕಾಡುತ್ತಾ ಮುಂದೆ ಹೋಗುವ ಜೀವಂತ ತುದಿ ಎಂದು ಊಹಿಸಿದರು. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ನರವನ್ನು ದೇಹದ ಹೊರಗೆ ಬೆಳೆಸಿ ಆ ತುದಿ ಚಲಿಸುವುದನ್ನು ಕಣ್ಣಾರೆ ತೋರಿಸಿದರು. ಅಷ್ಟು ದೂರದ ಸ್ನಾಯುವಿಗೆ ದಾರಿ ತಪ್ಪದೆ ಈ ತುದಿ ಹೇಗೆ ತಲುಪುತ್ತದೆ? ಗುರಿಯ ಕಡೆಯಿಂದ ಯಾವುದೋ ರಾಸಾಯನಿಕ ಒಸರುತ್ತಿರಬೇಕು, ಅದರ ಜಾಡು ಹಿಡಿದು ನರ ಹೋಗುತ್ತಿರಬೇಕು ಎಂದು 1892ರ ಸುಮಾರಿಗೆ ಕಹಾಲ್ ಬರೆದರು. ಆಗ ಆ ರಾಸಾಯನಿಕವನ್ನು ಯಾರೂ ಕಂಡಿರಲಿಲ್ಲ.

ಗೌರವಗಳು ಸಾಲಾಗಿ ಬಂದವು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ, 1906ರಲ್ಲಿ ಗಾಲ್ಜಿಯವರೊಂದಿಗೆ ಹಂಚಿಕೊಂಡ ನೊಬೆಲ್. ಸ್ಟಾಕ್‌ಹೋಮಿನಲ್ಲಿ ಗಾಲ್ಜಿ ತಮ್ಮ ನೊಬೆಲ್ ಭಾಷಣವನ್ನು ನ್ಯೂರಾನ್ ಸಿದ್ಧಾಂತದ ವಿರುದ್ಧವೇ ಮಾಡಿದರು. ಉಪಕರಣ ಕೊಟ್ಟವರಿಗೆ ಅದರಿಂದ ಕಂಡದ್ದು ಒಪ್ಪಿಗೆಯಾಗಲಿಲ್ಲ! ಶಿಕ್ಷಣ ಮಂತ್ರಿಯಾಗುವಂತೆ ಬಂದ ಕರೆಯನ್ನು ಕಹಾಲ್ ನಿರಾಕರಿಸಿದರು. ಆದರೆ 1907ರಲ್ಲಿ ಸ್ಪೇನಿನ ತರುಣರನ್ನೂ ಅಧ್ಯಾಪಕರನ್ನೂ ಹೊರದೇಶಗಳಿಗೆ ಕಲಿಯಲು ಕಳಿಸುವ ಮಂಡಳಿಯ ಮೊದಲ ಅಧ್ಯಕ್ಷತೆಯನ್ನು ಒಪ್ಪಿ ದಶಕಗಳ ಕಾಲ ನಡೆಸಿದರು. ಮಂತ್ರಿಗಿರಿಗಿಂತ ಅದು ಹೆಚ್ಚಿನ ಕೆಲಸವಾಯಿತು ಎಂದೇ ನನ್ನ ಎಣಿಕೆ.

ಅವರು ಎಲ್ಲದರಲ್ಲೂ ದೊಡ್ಡವರಾಗಿರಲಿಲ್ಲ. ಶಿಷ್ಯ ಪಿಯೊ ದೆಲ್ ರಿಯೊ ಒರ್ತೇಗ ನರಕೋಶಗಳ ನಡುವಿನ ಪೋಷಕ ಕೋಶಗಳಲ್ಲಿ ಎರಡು ಹೊಸ ಬಗೆಗಳನ್ನು ಗುರುತಿಸಿದಾಗ ಗುರು ಅದನ್ನು ಸರಿಯಾಗಿ ಒಪ್ಪಲಿಲ್ಲ. ಪ್ರಯೋಗಾಲಯದ ಮನಸ್ತಾಪಗಳು ಅದಕ್ಕೆ ಸೇರಿ, 1920ರಲ್ಲಿ ಶಿಷ್ಯನನ್ನು ಹೊರಗೆ ಕಳಿಸಿದರು. ಶಿಷ್ಯ ಕಂಡದ್ದು ಸರಿಯಾಗಿತ್ತು. ಬಾಲ್ಯದಲ್ಲಿ ಒಬ್ಬ ಸುಣ್ಣ ಬಳಿಯುವವನ ತೀರ್ಪಿನಿಂದ ನೊಂದವರು ಇದನ್ನು ಹೇಗೆ ಮಾಡಿದರೋ.

ಅವರ ಜೀವನದ ಕೊನೆಯ ದೊಡ್ಡ ಕೆಲಸವೇ ಆ ಹುಡುಗಿಯ ಪ್ರಶ್ನೆಗೆ ಸೇರಿದ್ದು. ಕತ್ತರಿಸಿದ ನರ ಮತ್ತೆ ಬೆಳೆಯುತ್ತದೆಯೇ? ವರ್ಷಗಟ್ಟಲೆ ಪ್ರಯೋಗ ನಡೆಸಿ 1913 ಮತ್ತು 1914ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅರ್ಜೆಂಟೀನಾದಲ್ಲಿ ನೆಲೆಸಿದ್ದ ಸ್ಪೇನಿನ ವೈದ್ಯರು ಅಚ್ಚಿನ ಖರ್ಚು ಕೊಟ್ಟರು. ಕೈಕಾಲುಗಳ ನರ ಕತ್ತರಿಸಿದರೆ ಅದು ಮತ್ತೆ ಚಿಗುರಿ ಸ್ನಾಯುವಿಗೆ ಹೋಗಿ ಸೇರಬಲ್ಲದು. ಮಿದುಳು, ಮಿದುಳುಬಳ್ಳಿಗಳ ಒಳಗೆ ಕತ್ತರಿಸಿದರೆ ಚಿಗುರು ಹೊರಡುತ್ತದೆ, ಸ್ವಲ್ಪ ಹೋಗುತ್ತದೆ, ಸಾಯುತ್ತದೆ. ಬೆಳೆದವರ ಮಿದುಳಿನಲ್ಲಿ ನರಮಾರ್ಗಗಳು ಸ್ಥಿರ ಎಂಬ ಅವರ ಕಟುವಾದ ತೀರ್ಮಾನ ಇಲ್ಲಿಂದ ಬಂತು. ನಮ್ಮ ಹಲಗೆಯ ಮೂಲೆಯ ವಾಕ್ಯದ ಬೇರು ಇದೇ.

ಆದರೆ ಪಾಠಪುಸ್ತಕಗಳು ಅರ್ಧ ಮಾತ್ರ ತೆಗೆದುಕೊಂಡವು. ಆ ಚಿಗುರು ಯಾಕೆ ಸಾಯುತ್ತದೆ ಎಂದೂ ಕಹಾಲ್ ಕೇಳಿಕೊಂಡಿದ್ದರು. ಅವರ ಶಿಷ್ಯ ತೆಲ್ಲೊ 1911ರಲ್ಲಿ ಮೊಲದ ಕಾಲಿನ ನರದ ತುಂಡುಗಳನ್ನು ಅದರ ಮಿದುಳಿನೊಳಗೆ ನೆಟ್ಟರು. ಬೆಳೆಯಲಾರದು ಎನಿಸಿಕೊಂಡಿದ್ದ ಮಿದುಳಿನ ನರತಂತುಗಳು ಆ ತುಂಡಿನ ಕಡೆಗೆ ಬೆಳೆದು ಒಳಗೆ ನುಗ್ಗಿದವು. ಹಾಗಾದರೆ ಕೊರತೆಯಿರುವುದು ನರಕೋಶದ ಶಕ್ತಿಯಲ್ಲಲ್ಲ, ಸುತ್ತಲಿನ ಪೋಷಣೆಯಲ್ಲಿ. ಕೈಕಾಲಿನ ನರದ ಕವಚಕೋಶಗಳು ಯಾವುದೋ ಪೋಷಕ ವಸ್ತುವನ್ನು ಕೊಡುತ್ತವೆ, ಮಿದುಳಿನಲ್ಲಿ ಅದು ಇಲ್ಲ ಎಂದು ಕಹಾಲ್ ತರ್ಕಿಸಿದರು. ಈ ಕಟುವಾದ ತೀರ್ಮಾನವನ್ನು ಬದಲಿಸುವ ಕೆಲಸವನ್ನು ಮುಂದಿನ ವಿಜ್ಞಾನಕ್ಕೆ ಬಿಟ್ಟರು. ತೆಲ್ಲೊ ಪ್ರಯೋಗವನ್ನು ಎಪ್ಪತ್ತು ವರ್ಷ ಯಾರೂ ಹೆಚ್ಚು ಗಮನಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಕೆನಡಾದ ಆಲ್ಬರ್ಟ್ ಅಗ್ವಾಯೊ ತಂಡ ಹೊಸ ವಿಧಾನಗಳಿಂದ ಅದು ನಿಜವೆಂದು ತೋರಿಸಿತು.

1930ರಲ್ಲಿ ಸಿಲ್ವೇರಿಯಾ ತೀರಿಕೊಂಡರು. ಕಹಾಲ್ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ, 82ನೆಯ ವಯಸ್ಸಿನಲ್ಲಿ ನಿಧನರಾದರು. ಅವರು ಕೈಯಾರೆ ಬರೆದ ಸಾವಿರಾರು ಚಿತ್ರಗಳು ಉಳಿದಿವೆ.

ಅದೇ 1934ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಎಂಬ ಭ್ರೂಣವಿಜ್ಞಾನಿ ಕೋಳಿಭ್ರೂಣದ ರೆಕ್ಕೆಯ ಮೊಗ್ಗನ್ನು ಕತ್ತರಿಸಿದರೆ ಆ ರೆಕ್ಕೆಗೆ ಹೋಗಬೇಕಾಗಿದ್ದ ಮಿದುಳುಬಳ್ಳಿಯ ನರಕೋಶಗಳು ಕಡಿಮೆಯಾಗುತ್ತವೆ ಎಂದು ಪ್ರಕಟಿಸಿದರು. ಇಟಲಿಯ ಟ್ಯೂರಿನ್ನಿನಲ್ಲಿ ಯಹೂದಿಯೆಂಬ ಕಾರಣಕ್ಕೆ ವಿಶ್ವವಿದ್ಯಾಲಯದಿಂದ ಹೊರಬಿದ್ದ ರೀಟಾ ಲೆವಿ ಮೊಂಟಾಲ್ಚಿನಿ ಅದನ್ನು ಓದಿ, ಯುದ್ಧದ ನಡುವೆ ಮನೆಯ ಮಲಗುವ ಕೋಣೆಯಲ್ಲಿ ಕೋಳಿಮೊಟ್ಟೆಗಳನ್ನು ಇಟ್ಟುಕೊಂಡು ಮತ್ತೆ ಮಾಡಿ ನೋಡಿದರು. ಅವರು ಬಳಸಿದ್ದು ಕಹಾಲರ ಬೆಳ್ಳಿಬಣ್ಣದ ವಿಧಾನದ ಪರಂಪರೆಯನ್ನೇ. ಅವರಂತೆಯೇ ಕೆಲಸ ಕಳೆದುಕೊಂಡಿದ್ದ ಅವರ ಗುರು ಜುಸೆಪ್ಪೆ ಲೆವಿ ಶಿಷ್ಯೆಯ ಆ ಕೋಣೆಗೆ ಸಹಾಯಕರಾಗಿ ಬಂದರು. ನರಕೋಶಗಳು ಹುಟ್ಟದೆ ಇರುವುದಲ್ಲ, ಹುಟ್ಟಿ, ಬೆಳೆದು, ತಲುಪಬೇಕಾದ ಅಂಗದಿಂದ ಸಿಗಬೇಕಾದದ್ದು ಸಿಗದೆ ಸಾಯುತ್ತವೆ ಎಂದು ಅವರು ಕಂಡರು. 1950ರ ದಶಕದಲ್ಲಿ ಅಮೆರಿಕದಲ್ಲಿ ಅವರೂ ಸ್ಟ್ಯಾನ್ಲಿ ಕೊಹೆನ್ ಅವರೂ ಆ ವಸ್ತುವನ್ನು ಬೇರ್ಪಡಿಸಿದರು. ಅದು ಒಂದು ಪ್ರೋಟೀನು, ನರ ಬೆಳವಣಿಗೆಯ ಅಂಶ. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇಲ್ಲಿ ತರಗತಿಯಲ್ಲಿ ಎಚ್ಚರ ಬೇಕು. ಆ ಮೊದಲ ಪ್ರೋಟೀನು ಪೋಷಿಸುವುದು ನೋವು ತಿಳಿಸುವಂಥ ಸಂವೇದನಾ ನರಗಳನ್ನು ಮತ್ತು ಅನೈಚ್ಛಿಕ ನರಗಳ ಒಂದು ಗುಂಪನ್ನು. ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳನ್ನಲ್ಲ. ಅವುಗಳಿಗೆ ಬೇಕಾದ ಬಂಧುಗಳು ಆಮೇಲೆ ಸಿಕ್ಕವು: 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಬಿಡಿಎನ್‌ಎಫ್, 1993ರಲ್ಲಿ ಜಿಡಿಎನ್‌ಎಫ್, ಇನ್ನೂ ಕೆಲವು.

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸಾಯುವುದು ಈ ಚಾಲಕ ನರಕೋಶಗಳೇ. ಸ್ಪರ್ಶ ತಿಳಿಯುತ್ತದೆ, ಹೆಚ್ಚಿನವರಲ್ಲಿ ಬುದ್ಧಿ ಚುರುಕಾಗಿಯೇ ಇರುತ್ತದೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತಾ ಬರುತ್ತವೆ. ಈ ಕೋಶಗಳ ಕಷ್ಟವನ್ನು ನಮ್ಮ ಪ್ರಶಿಕ್ಷಣಾರ್ಥಿಗೆ ಹೀಗೆ ವಿವರಿಸಿದೆ. ಸೊಂಟದ ಮಟ್ಟದ ಮಿದುಳುಬಳ್ಳಿಯಲ್ಲಿರುವ ಕೋಶದ ಕಾಯ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣದು, ಪಾದಕ್ಕೆ ಹೋಗುವ ಅದರ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ. ಕೋಶಕಾಯವನ್ನು ತರಗತಿಯ ಮೇಜಿನಷ್ಟು, ಅಂದರೆ ಒಂದು ಮೀಟರಿಗೆ ಹಿಗ್ಗಿಸಿದರೆ ಆಕ್ಸಾನ್ ಹತ್ತು ಕಿಲೋಮೀಟರಿಗೂ ಉದ್ದವಾಗುತ್ತದೆ: ಮೇಜು ರಾಜಾಜಿನಗರದಲ್ಲಿ, ತುದಿ ಕೆಂಗೇರಿಯ ದಿಕ್ಕಿನಲ್ಲಿ. ಅಷ್ಟು ದೂರಕ್ಕೆ ಸಾಮಗ್ರಿ ಹೋಗಬೇಕು, ಸ್ನಾಯು ಕೊಡುವ ಪೋಷಕ ಪ್ರೋಟೀನಿನ ಸಂದೇಶ ಅಷ್ಟೂ ದೂರ ಹಿಂದಕ್ಕೆ ಬರಬೇಕು.

ಹಾಗಾದರೆ ಪ್ರೋಟೀನನ್ನು ಚುಚ್ಚಿದರೆ ಸಾಲದೇ? 1990ರ ದಶಕದಲ್ಲಿ ಎಲ್ಲರೂ ಹಾಗೆಯೇ ಯೋಚಿಸಿದರು. ಸಿಎನ್‌ಟಿಎಫ್ ಎಂಬ ಪ್ರೋಟೀನನ್ನು ರೋಗಿಗಳಿಗೆ ಕೊಟ್ಟಾಗ ಉಪಯೋಗ ಕಾಣಲಿಲ್ಲ, ತೂಕ ಇಳಿಯುವಂಥ ತೊಂದರೆಗಳು ಬಂದವು. ಬಿಡಿಎನ್‌ಎಫ್ ಅನ್ನು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಚರ್ಮದಡಿ ಚುಚ್ಚಿ ನಡೆಸಿದ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂತು. ಕಾಯಿಲೆಯ ಓಟ ಒಟ್ಟಾರೆ ನಿಲ್ಲಲಿಲ್ಲ. ಚುಚ್ಚಿದ ಪ್ರೋಟೀನು ರಕ್ತದಲ್ಲಿ ಬೇಗ ಒಡೆಯುತ್ತದೆ, ಮಿದುಳು ಮತ್ತು ರಕ್ತದ ನಡುವಿನ ತಡೆಯನ್ನು ದಾಟುವುದು ಕಷ್ಟ, ಬೇಕಾದ ಕೋಶಕ್ಕೆ ತಲುಪುವುದು ಇನ್ನೂ ಕಷ್ಟ. ಸಾಯುತ್ತಿರುವ ಕೋಶಕ್ಕೆ ಪೋಷಣೆಯ ಕೊರತೆಯೊಂದೇ ಕಾರಣವೂ ಅಲ್ಲ.

ನಮ್ಮ ನಗರದ ಇನ್ನೊಂದು ಬದಿಯಲ್ಲೂ ಈ ಕೆಲಸ ನಡೆದಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನರಶರೀರಶಾಸ್ತ್ರ ಮತ್ತು ನರರೋಗ ವಿಭಾಗಗಳವರು ಈ ಕಾಯಿಲೆಯವರ ಮಿದುಳುಬಳ್ಳಿಯ ಸುತ್ತಲಿನ ದ್ರವವನ್ನು ಆಗತಾನೆ ಹುಟ್ಟಿದ ಇಲಿಮರಿಗಳಲ್ಲಿ ಪರೀಕ್ಷಿಸಿದರು. ಇಲಿಗಳ ಚಾಲಕ ನರಕೋಶಗಳು ಕೆಡತೊಡಗಿದವು, ಅವುಗಳ ಮಿದುಳುಬಳ್ಳಿಯಲ್ಲಿ ಪೋಷಕ ಪ್ರೋಟೀನುಗಳು ಇಳಿದವು ಎಂದು 2011ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಚಾಲಕ ನರಕೋಶಗಳಿಗೆ ಅದೇ ದ್ರವ ಹಾಕಿ, ಜೊತೆಗೆ ಬಿಡಿಎನ್‌ಎಫ್ ಕೊಟ್ಟಾಗ ಹಾನಿ ಸ್ವಲ್ಪ ಮಟ್ಟಿಗೆ ತಗ್ಗಿದ್ದನ್ನೂ ಆಮೇಲೆ ತೋರಿಸಿದರು. ಗಾಜಿನ ತಟ್ಟೆಯ ಕೋಶಕ್ಕೂ ಮನುಷ್ಯನಿಗೂ ನಡುವೆ ದೊಡ್ಡ ದಾರಿ ಇದೆ. ಅದನ್ನು ಚಿಕಿತ್ಸೆಯೆಂದು ಹೇಳುವಂತಿಲ್ಲ. ಕಾಂಡಕೋಶ, ನರಪೋಷಣೆ ಎಂದೆಲ್ಲ ಹೇಳಿ ಹಣ ಕೀಳುವ ಜಾಹೀರಾತುಗಳು ಇಂಥ ಮನೆಗಳ ಬಾಗಿಲಿಗೇ ಬರುತ್ತವಾದ್ದರಿಂದ ಮೇಷ್ಟ್ರ ಬಾಯಿಂದ ಒಂದು ಪದ ಹೆಚ್ಚು ಬಂದರೂ ತಪ್ಪಾಗುತ್ತದೆ.

ಪ್ರಶಿಕ್ಷಣಾರ್ಥಿ ಮುಂದಿನ ವಾರ ಅದೇ ತರಗತಿಗೆ ಹೋದರು. ಪಾಠಯೋಜನೆಯಲ್ಲಿ ಆ ವಾಕ್ಯವನ್ನು ತಿದ್ದಿದ್ದರು. ಕೈಕಾಲಿನ ನರ ಕತ್ತರಿಸಿದರೆ ಮತ್ತೆ ಬೆಳೆಯಬಹುದು. ಮಿದುಳುಬಳ್ಳಿಯ ನರಕೋಶ ಸತ್ತರೆ ಅದನ್ನು ಮರಳಿ ತರುವ ದಾರಿ ಇನ್ನೂ ಸಿಕ್ಕಿಲ್ಲ. ಅದನ್ನು ಬದುಕಿಸಿಡುವ ಪ್ರೋಟೀನುಗಳು ಇವೆ ಎಂದು ಗೊತ್ತಾಗಿದೆ, ತಲುಪಿಸುವ ಬಗೆ ಹುಡುಕುತ್ತಿದ್ದಾರೆ, ಈ ನಗರದಲ್ಲೂ ಹುಡುಕಿದ್ದಾರೆ ಎಂದು ಹೇಳಿದರು. ಹುಡುಗಿಯನ್ನು ಹೆಸರು ಹಿಡಿದು ಕರೆಯಲಿಲ್ಲ, ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನು ನಾನು ಹಾಳೆಯಲ್ಲಿ ಬರೆದುಕೊಂಡೆ. ಅವಳು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಫಿರಂಗಿಯ ಕಥೆಗೆ ಹಿಂದಿನ ಬೆಂಚಿನ ಹುಡುಗರು ಬಹಳ ನಕ್ಕರು. ಇದಕ್ಕೆಲ್ಲ ಏಳು ನಿಮಿಷ ಹಿಡಿದು, ಪುನರಾವರ್ತನೆಯ ಹಂತ ಶುರುವಾಗುವ ಮುನ್ನವೇ ಗಂಟೆ ಹೊಡೆಯಿತು. ಅದಕ್ಕೆ ಅಂಕ ಕಳೆಯಲಿಲ್ಲ.